ಹನ್ನೊಂದನೇ ಸಂಪುಟದಲ್ಲಿ ಓಡಿಹೋದ ಪೊಲೀಸ

ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿದವಳಲ್ಲ. ಕೈಗೆ ಬಂದ ಕೂಡಲೇ ಕೊನೆಯ ಪುಟ ತೆಗೆದು, ಯಾರು ಉಳಿದರು, ಯಾರು ಹೋದರು, ಯಾರು ಯಾರ ಕೈ ಹಿಡಿದರು ಎಂದು ತಿಳಿದುಕೊಳ್ಳಬೇಕು. ಆಮೇಲೆಯೇ ನನಗೆ ಕುರ್ಚಿಯ ಮೇಲೆ ಕೂರಲು ಸಾಧ್ಯ. ಧಾರವಾಡದ ಹಾಸ್ಟೆಲಿನಲ್ಲಿ ಗೆಳತಿಯರು ಪತ್ತೇದಾರಿ ಕಾದಂಬರಿಗಳನ್ನು ನನ್ನಿಂದ ಬಚ್ಚಿಡುತ್ತಿದ್ದರು. ಕೊಲೆಗಾರನ ಹೆಸರು ನನ್ನ ಬಾಯಲ್ಲಿ ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಈ ದುರಭ್ಯಾಸಕ್ಕೆ ಸರಿಯಾದ ಪೆಟ್ಟು ಕೊಟ್ಟವರು ಜಪಾನಿಗಳು. ೨೦೧೪ರ ಬೇಸಿಗೆ ರಜೆಯಲ್ಲಿ ನನ್ನ ಮಗಳು ಇಂಚರಾ, ಸ್ಯಾನ್ ಡಿಯಾಗೋದಲ್ಲಿ ನಾವಿರುವ ಮೀರಾ ಮೆಸಾ ಬಡಾವಣೆಯ ಲೈಬ್ರರಿಯಿಂದ ಒಂದು ಚಿತ್ರಕಥೆಯ ಪುಸ್ತಕ ತಂದಳು. ಅವಳಿಗೆ ಆಗ ಹನ್ನೊಂದು ವರ್ಷ. ಮುಖಪುಟದಲ್ಲಿ ಹೆಲ್ಮೆಟ್ ಹಾಕಿದ ಪೊಲೀಸರು, ಹಿಂದೆ ಬೆಂಕಿ, ಹೊಗೆ. ಮಾಂಗಾ ಎನ್ನುತ್ತಾರಂತೆ. ತಾಯಿಯಾದವಳು ಸೆನ್ಸಾರ್ ಮಂಡಳಿಯ ಅಧ್ಯಕ್ಷೆಯೂ ಆಗಿರಬೇಕಲ್ಲ. ಎಂದಿನಂತೆ ಕೊನೆಯ ಪುಟ ತೆಗೆದೆ. ಅಲ್ಲೊಬ್ಬ ಪೊಲೀಸ್ ಅಂಗಡಿಯೊಂದರ ಮುಂದೆ ಬೆಳಗಿನ ಬಿಸಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಸದ್ಯ, ಸುಖಾಂತ್ಯ, ಓದಲಿ ಬಿಡು ಎಂದುಕೊಂಡೆ. ಇವು ಬಲದಿಂದ ಎಡಕ್ಕೆ ಓದುವ ಪುಸ್ತಕಗಳು, ನಾನು ನೋಡಿದ್ದು ಮೊದಲ ಪುಟ, ಮೂರನೇ ಪುಟದಲ್ಲಿ ಆ ಚಹಾದಂಗಡಿಯೇ ಸಿಡಿದು ಚೂರಾಗುತ್ತದೆ ಎಂದು ಮಗಳು ಆಮೇಲೆ ತಿಳಿಸಿದಳು.

ಟೋಕಿಯೋ ಪೊಲೀಸರ ಒಂದು ವಿಶೇಷ ದಳ, ಊರ ತುಂಬ ಬಾಂಬಿಡುತ್ತ ಹೋಗುವ ಒಂದು ಗುಂಪು, ಇವೆರಡರ ನಡುವಿನ ಬೆನ್ನಟ್ಟುವಿಕೆ. ಇಷ್ಟೇ ಕಥೆ, ಆದರೆ ಇಪ್ಪತ್ತಕ್ಕೂ ಹೆಚ್ಚು ಸಂಪುಟ. ಇದನ್ನು ನಿಷೇಧಿಸುವ ಮೊದಲು ಸರಿಯಾದ ಕಾರಣ ಕೊಡಬೇಕು, ಕಾರಣ ಕೊಡಲು ಓದಬೇಕು ಎಂದು ಶುರು ಮಾಡಿದ ನಾನು ನಾಲ್ಕು ಸಂಪುಟ ಮುಗಿಸಿದ್ದೆ. ಆಫೀಸಿನಲ್ಲಿ ಫೋನುಗಳ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಟೆಸ್ಟ್ ಓಡುತ್ತಿರುವಾಗ ಸುಮ್ಮನೆ ಕಾಯಬೇಕು. ಕಾಯುವುದು ನನಗೆ ಬಾರದ ವಿದ್ಯೆ. ಮೇಜಿನ ಕೆಳಗೆ ಕಾಲು ಅಲುಗಾಡಿಸುತ್ತ, ಐದನೇ ಸಂಪುಟ ಮಗಳ ಕೈಯಲ್ಲಿದೆಯಲ್ಲಾ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಕನ್ನಡದಲ್ಲಿ ಈ ಸ್ಥಿತಿಗೆ ಇರುವ ಶಬ್ದಗಳನ್ನು ನೋಡಿ. ಚಡಪಡಿಕೆ, ತಳಮಳ, ಕಸಿವಿಸಿ, ಗಡಿಬಿಡಿ. ಒಂದೂ ಒಂಟಿಯಾಗಿಲ್ಲ, ಎಲ್ಲವೂ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಅದೇ ಹೆಜ್ಜೆಯನ್ನು ಸ್ವಲ್ಪ ಬದಲಿಸಿ ಇಡುತ್ತವೆ. ನೆಮ್ಮದಿ ಎಂಬ ಶಬ್ದ ಮಾತ್ರ ಒಂದೇ ಸಲ ಹೇಳಿ ಕೂತುಬಿಡುತ್ತದೆ. ಈ ಶಬ್ದಗಳನ್ನು ಹುಟ್ಟಿಸಿದವರು ನಮ್ಮ ಅಪ್ಪನಂಥ ಯಾರನ್ನೋ ನೋಡಿಯೇ ಹುಟ್ಟಿಸಿರಬೇಕು.

ಅಪ್ಪ ಆ ಬೇಸಿಗೆಯಲ್ಲಿ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಹೆಂಡತಿಯ ಬಾಣಂತನಕ್ಕೆ ಅವ್ವ ಅಲ್ಲಿಯೇ ಉಳಿದಿದ್ದಳು. ಬಾಣಂತಿಯ ಕೋಣೆಯ ಸುತ್ತ ಅಂಡು ಸುಟ್ಟ ಬೆಕ್ಕಿನ ಹಾಗೆ ತಿರುಗುವ ಗಂಡನನ್ನು ವಿಮಾನ ಹತ್ತಿಸುವುದೇ ಲೇಸೆಂದು ಅವಳಿಗೆ ಅನಿಸಿರಬೇಕು. ಅಪ್ಪ ಗದಗಿನಲ್ಲಿ ಪೊಲೀಸ್ ಹವಾಲ್ದಾರರಾಗಿ ರಿಟೈರ್ ಆದವರು. ಮೂವತ್ತೆರಡು ವರ್ಷ ಬೀಟ್ ತಿರುಗಿದ ಕಾಲುಗಳು ಮೀರಾ ಮೆಸಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಹಿಡಿಸಲಿಲ್ಲ. ಕಾರಿಲ್ಲದೆ ಇಲ್ಲಿ ಉಪ್ಪೂ ಸಿಗುವುದಿಲ್ಲ, ಅವರಿಗೆ ಡ್ರೈವ್ ಮಾಡಲು ಬರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀದಿ ಬೀದಿ ತಿರುಗಿ, ನಿಂತ ಕಾರುಗಳ ನಂಬರುಗಳನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಎರಡನೇ ವಾರ ಎದುರು ಮನೆಯ ಫಿಲಿಪೀನ್ಸ್ ಅಜ್ಜಿ ಬಂದು, ನಿಮ್ಮ ತಂದೆ ನನ್ನ ಕಾರು ಕೊಳ್ಳಬೇಕೆಂದಿದ್ದಾರೆಯೇ ಎಂದು ವಿನಯದಿಂದ ಕೇಳಿದಳು. ಅಂದಿನಿಂದ ನೋಟ್‌ಬುಕ್ ನನ್ನ ವಶಕ್ಕೆ ಬಂತು.

ನೋಟ್‌ಬುಕ್ ಹೋದ ಖಾಲಿ ಜಾಗಕ್ಕೆ ಮಾಂಗಾ ಬಂತು. ಒಂದು ದಿನ ನಾನು ಆಫೀಸಿನಿಂದ ಬಂದಾಗ ಅಜ್ಜ ಮೊಮ್ಮಗಳು ಸೋಫಾದ ಮೇಲೆ ಒಂದೇ ಪುಸ್ತಕದ ಎರಡು ಅಂಚು ಹಿಡಿದು ಕೂತಿದ್ದರು. ಅವಳು ಇಂಗ್ಲಿಷಿನಲ್ಲಿ ಕಥೆ ಹೇಳುವುದು, ಅವರು ಗದಗಿನ ಕನ್ನಡದಲ್ಲಿ ಪ್ರಶ್ನೆ ಹಾಕುವುದು. ಇಂಚರಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಪ್ಪನಿಗೆ ಇಂಗ್ಲಿಷ್ ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಚಿತ್ರಗಳಿದ್ದವು. ಚಿತ್ರಗಳ ಒಳಗೆ ದೊಡ್ಡದಾಗಿ ಬರೆದ ಜಪಾನೀ ಸದ್ದಿನಕ್ಷರಗಳನ್ನು ಅನುವಾದ ಮಾಡಿದವರು ಹಾಗೆಯೇ ಬಿಟ್ಟಿದ್ದರು. ಅವುಗಳನ್ನು ಓದಲು ಬಾರದ ಮೊಮ್ಮಗಳಿಗೆ ಓದಲು ಬಾರದ ಅಜ್ಜ ಧಡ್, ಢಮಾರ್, ಸರ್ರ್, ಖಣಲ್ ಎಂದು ಒಂದೊಂದಾಗಿ ಹೇಳಿಕೊಟ್ಟರು. ನನ್ನ ಮಗಳು ಯಾರ ಒತ್ತಾಯವೂ ಇಲ್ಲದೆ ಆಡಿದ ಮೊದಲ ಕನ್ನಡ ಶಬ್ದಗಳು ಇವು.

ಟೋಕಿಯೋ ಪೊಲೀಸರ ಬಗ್ಗೆ ಅಪ್ಪನ ಅಭಿಪ್ರಾಯ ಅಷ್ಟೇನೂ ಚೆನ್ನಾಗಿರಲಿಲ್ಲ. ಇಷ್ಟು ದೊಡ್ಡ ಕೇಸು, ಒಬ್ಬನೂ ಪಂಚನಾಮೆ ಬರೆಯುತ್ತಿಲ್ಲ. ತಲೆಗೂದಲು ಕಿವಿ ಮುಚ್ಚುವಷ್ಟು ಬೆಳೆದಿದೆ, ಪರೇಡಿನಲ್ಲಿ ಇವನನ್ನು ಹೇಗೆ ಬಿಟ್ಟರು? ಮೇಲಿನ ಸಾಹೇಬರಿಗೆ ಹೇಳದೆ ಕಟ್ಟಡದಿಂದ ಕಟ್ಟಡಕ್ಕೆ ಹಾರಿದರೆ ನಾಳೆ ಮೆಮೊ ಬರುವುದಿಲ್ಲವೇ? ನಾಯಕ ಕೊನೆಯ ಸೆಕೆಂಡಿನಲ್ಲಿ ತಂತಿ ಕತ್ತರಿಸಿ ಊರನ್ನು ಉಳಿಸಿದಾಗ ಇಂಚರಾ ಉಸಿರು ಬಿಗಿಹಿಡಿದಿದ್ದಳು. ಅಪ್ಪ, ಈ ಹುಡುಗ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕೈ ನಡುಗದೆ ಇರುತ್ತದೆಯೇ ಎಂದರು. ಹೀಗೆ ಹತ್ತು ಸಂಪುಟ ಸಾಗಿತು. ಮನೆಯಲ್ಲಿ ಒಂದು ಬಗೆಯ ಶಾಂತಿ ನೆಲೆಸಿತ್ತು. ಸಂಜೆ ಮೂವರೂ ಸರದಿಯಲ್ಲಿ ಓದುತ್ತಿದ್ದೆವು. ಕಾರ್ಲ್ಸ್‌ಬಾಡಿನ ಆಫೀಸಿನಿಂದ ಬರುವ ನನ್ನ ಗಂಡ ಒಬ್ಬನೇ ಅಡುಗೆ ಮಾಡುತ್ತಿದ್ದ.

ಹನ್ನೊಂದನೇ ಸಂಪುಟದಲ್ಲಿ ಎಲ್ಲ ಕೆಟ್ಟಿತು.

ಅದರ ಕೊನೆಯ ಅಧ್ಯಾಯದಲ್ಲಿ ನೆಲದಡಿಯ ರೈಲು ನಿಲ್ದಾಣವೊಂದರಲ್ಲಿ ಒಬ್ಬ ಸಾಮಾನ್ಯ ಪೊಲೀಸ್ ಕಾವಲಿಗಿದ್ದಾನೆ. ನಾಯಕನಲ್ಲ, ಅವನಿಗೊಂದು ಹೆಸರೂ ಇಲ್ಲ. ಬೆಂಚಿನ ಕೆಳಗೆ ಒಂದು ಚೀಲ ಕಾಣುತ್ತದೆ. ನಾಲ್ಕು ಪುಟ ಒಂದು ಮಾತೂ ಇಲ್ಲ. ಅವನ ಕಣ್ಣು, ಚೀಲ, ಅವನ ಕೈ, ಚೀಲ. ಐದನೇ ಪುಟದಲ್ಲಿ ಅವನು ಮೆಟ್ಟಿಲು ಹತ್ತಿ ಓಡುತ್ತಿದ್ದಾನೆ. ಅವನ ಟೋಪಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿದೆ. ಸಂಪುಟ ಮುಗಿಯಿತು.

ಇಂಚರಾ ಪುಸ್ತಕ ಮುಚ್ಚಿ, “ಕೌವರ್ಡ್”, ಹೇಡಿ, ಎಂದಳು. ಆಮೇಲೆ ಅಜ್ಜನ ಕಡೆ ತಿರುಗಿ, “ಬಟ್ ಯೂ ಡಿಡ್‌ಂಟ್ ರನ್, ಅಜ್ಜ. ರೈಟ್?” ಎಂದು ಕೇಳಿದಳು.

ಈ ಪ್ರಶ್ನೆಗೆ ಕಾರಣ ನಾನೇ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಬಾಂಬಿದೆಯೆಂದು ಯಾರೋ ಠಾಣೆಗೆ ಫೋನ್ ಮಾಡಿದ್ದರು. ಡ್ಯೂಟಿಯಲ್ಲಿದ್ದವರು ಅಪ್ಪ ಮತ್ತು ಅವರ ಜೊತೆಗಾರ ಇಮಾಮಸಾಬ. ಬೆಂಚಿನ ಕೆಳಗೆ ಸಿಕ್ಕ ವಾರಸುದಾರರಿಲ್ಲದ ಟ್ರಂಕನ್ನು ಇಬ್ಬರೂ ಕಾದು ನಿಂತು, ಜನರನ್ನು ದೂರವಿಟ್ಟರು ಎಂದು ಇಲಾಖೆ ಇಬ್ಬರಿಗೂ ಒಂದೊಂದು ಪ್ರಶಂಸಾ ಪತ್ರ ಕೊಟ್ಟಿತು. ಅದು ಕಟ್ಟು ಹಾಕಿಸಿಕೊಂಡು ನಮ್ಮ ಮನೆಯ ಪಡಸಾಲೆಯಲ್ಲಿ ತೂಗಿತು. ನಾನು ಅದರ ಮೇಲೆ ಪ್ರಬಂಧ ಬರೆದು ಶಾಲೆಯಲ್ಲಿ ಬಹುಮಾನ ಪಡೆದೆ. ನನ್ನನ್ನು ನೋಡಲು ಬಂದ ಬೆಂಗಳೂರಿನ ಗಂಡಿನ ಕಡೆಯವರಿಗೆ ಸೋದರಮಾವ ಮೊದಲು ತೋರಿಸಿದ್ದು ಆ ಪತ್ರವನ್ನೇ, ಆಮೇಲೆ ನನ್ನನ್ನು. ಮಗಳಿಗೆ ನಾನು ಅದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಅವಳ ಆವೃತ್ತಿಯಲ್ಲಿ ಅಜ್ಜ ಟ್ರಂಕನ್ನು ಹೆಗಲ ಮೇಲೆ ಹೊತ್ತು ಕೆರೆಗೆ ಎಸೆಯುತ್ತಿದ್ದರು.

ಅಪ್ಪ ನೀರು ಕುಡಿದು ಬರುತ್ತೇನೆಂದು ಎದ್ದವರು ಹಿತ್ತಲ ಬಾಗಿಲು ತೆಗೆದು ಹೊರಗೆ ಹೋದರು. ಮರುದಿನದಿಂದ ಮತ್ತೆ ಬೀಟ್ ಶುರುವಾಯಿತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಮನೆಯೊಳಗಿದ್ದರೂ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ನಾನು ಜಾಣೆ, ಹವಾಮಾನ ಬದಲಾಗಿ ಹೊಟ್ಟೆ ಕೆಟ್ಟಿರಬೇಕೆಂದು ತೀರ್ಮಾನಿಸಿ ಮೂರು ದಿನ ಜೀರಿಗೆ ಕಷಾಯ ಕುಡಿಸಿದೆ. ಅವರು ಮಾತಿಲ್ಲದೆ ಕುಡಿದರು. ನಾಲ್ಕನೆಯ ದಿನ ಅವರೇ ಕೇಳಿದರು, ಮುಂದಿನ ಪುಸ್ತಕ ಎಲ್ಲಿ ಸಿಗುತ್ತದೆ ಎಂದು. ಲೈಬ್ರರಿಯಲ್ಲಿ ಇದ್ದದ್ದು ಹನ್ನೊಂದರವರೆಗೆ ಮಾತ್ರ. ಲಾಸ್ ಏಂಜಲಿಸ್‌ನ ಜಪಾನೀ ಪೇಟೆಯಲ್ಲಿ ಎಲ್ಲ ಸಂಪುಟಗಳಿರುವ ಅಂಗಡಿಯೊಂದಿದೆ ಎಂದು ಇಂಚರಾ ಪತ್ತೆ ಮಾಡಿದ್ದಳು. ಶನಿವಾರ ಮೂವರೂ ಹೊರಟೆವು.

ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲಿಸ್‌ಗೆ ಎರಡು ಗಂಟೆಯ ದಾರಿ ಎಂದು ಹೇಳುವವರು ಶನಿವಾರ ಹೊರಟವರಲ್ಲ. ಕಾರ್ಲ್ಸ್‌ಬಾಡ್ ದಾಟುವುದರೊಳಗೆ ಕಾರುಗಳ ಸಾಲು ನಿಂತಿತು. ಓಷನ್‌ಸೈಡ್ ಆದ ಮೇಲೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೈನ್ಯದ ಬೋಳು ಗುಡ್ಡ, ನಡುವೆ ಸಾವಿರಾರು ಕೆಂಪು ಬ್ರೇಕ್ ಲೈಟು. ಮುಂದೆ, ಗಡಿ ದಾಟದವರನ್ನೂ ನಿಲ್ಲಿಸುವ ಗಡಿ ಕಾವಲಿನವರ ತಪಾಸಣೆ ಇತ್ತು. ನಾನು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದೆ. ಅಪ್ಪ ಪಕ್ಕದ ಸೀಟಿನಲ್ಲಿ ಬೆಲ್ಟನ್ನು ಎಳೆದು ಬಿಡುತ್ತಿದ್ದರು. ಎದ್ದು ತಿರುಗಾಡಲು ಅಲ್ಲಿ ಜಾಗವಿರಲಿಲ್ಲ.

“ಶೋಭಾ, ನಾ ಓಡಿದ್ದೆ,” ಎಂದರು.

ನನಗೆ ತಿಳಿಯಲಿಲ್ಲ. “ಎಲ್ಲಿಗಪ್ಪಾ?” ಎಂದೆ.

“ಬಸ್ ಸ್ಟ್ಯಾಂಡಿನ್ಯಾಗ. ಟ್ರಂಕ್ ಬಿಟ್ಟು.”

ಆಮೇಲೆ ಮುಂದಿನ ಕಾರಿನ ನಂಬರ್ ಪ್ಲೇಟನ್ನೇ ನೋಡುತ್ತ ಎಲ್ಲವನ್ನೂ ಹೇಳಿದರು. ಟ್ರಂಕ್ ಹಸಿರು ಬಣ್ಣದ್ದು, ಮೇಲೆ ಗುಲಾಬಿ ಹೂವಿನ ಚಿತ್ರ. ಇಬ್ಬರೂ ಬಗ್ಗಿ ಕಿವಿಗೊಟ್ಟರೆ ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಇಮಾಮಸಾಬ ಎರಡೂ ಕೈ ಚಾಚಿ ಜನರಿಗೆ ಅಡ್ಡ ನಿಂತ. ಅಪ್ಪನಿಗೆ ತಾನು ಯಾವಾಗ ತಿರುಗಿದೆ, ಯಾವಾಗ ಓಡಿದೆ ಎಂಬುದು ನೆನಪಿಲ್ಲ. ನೆನಪಿರುವುದು, ರಸ್ತೆಯಾಚೆ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ತಾನು ಕುಕ್ಕರುಗಾಲಲ್ಲಿ ಕೂತದ್ದು. ಸಾಹೇಬರ ಜೀಪು ಬಂದ ಸದ್ದು ಕೇಳಿ ಎದ್ದು ಬಂದು, ಅದರ ಹಿಂದೆಯೇ ಒಳಗೆ ನುಗ್ಗಿ, ಇಮಾಮಸಾಬನ ಪಕ್ಕ ನಿಂತುಬಿಟ್ಟರು. ಟ್ರಂಕ್ ತೆಗೆದಾಗ ಒಳಗೆ ಸೀರೆಯಲ್ಲಿ ಸುತ್ತಿಟ್ಟ ಗೋಡೆ ಗಡಿಯಾರ, ಯಾರದೋ ಲಗ್ನಕ್ಕೆಂದು ಒಯ್ಯುತ್ತಿದ್ದದ್ದು. ಟ್ರಂಕಿನ ಒಡೆಯ ಚಹಾ ಕುಡಿದು ಬಂದು, ಟ್ರಂಕನ್ನು ಮರೆತು ಬೇರೆ ಬಸ್ಸು ಹತ್ತಿದ್ದ.

ಸಾಹೇಬರು ನೋಡಿದಾಗ ಇಬ್ಬರೂ ನಿಂತಿದ್ದರು, ಇಬ್ಬರಿಗೂ ಪತ್ರ ಬಂತು. “ಇಮಾಮ ಯಾರಿಗೂ ಹೇಳಲಿಲ್ಲ,” ಎಂದರು ಅಪ್ಪ. “ನಾನೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಆತು, ಅವನ ಮುಖ ನೋಡಿದಾಗೆಲ್ಲ ಅದೇ ನೆನಪಾಕ್ಕೈತಿ.”

ನನಗೆ ಮೊದಲು ಬಂದದ್ದು ಮರುಕ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಂದದ್ದು ಸಿಟ್ಟು. ಕತ್ತಲಿಗೆ ಹೆದರಿ ಅತ್ತಾಗಲೆಲ್ಲ ಅವ್ವ, ಬಾಂಬಿಗೆ ಹೆದರದವರ ಮಗಳು ನೀನು ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅಂದಿನಿಂದ ನಾನು ಹೆದರಿಕೆಗಳನ್ನು ಒಬ್ಬಳೇ ಸಾಕಿಕೊಂಡು ಬಂದಿದ್ದೇನೆ. ಈ ದೇಶಕ್ಕೆ ಬಂದ ಮೊದಲ ಎರಡು ವರ್ಷ ಫ್ರೀವೇ ಎಂಬ ವೇಗದ ಹೆದ್ದಾರಿಯನ್ನು ನಾನು ಹತ್ತಲೇ ಇಲ್ಲ. ಒಳದಾರಿಯೇ ಹತ್ತಿರ ಎಂದು ಗಂಡನಿಗೆ ಸುಳ್ಳು ಹೇಳಿ, ಇಪ್ಪತ್ತು ನಿಮಿಷದ ದಾರಿಗೆ ಐವತ್ತು ನಿಮಿಷ ತೆಗೆದುಕೊಂಡು ಆಫೀಸಿಗೆ ಹೋಗಿದ್ದೇನೆ. ಮೀಟಿಂಗಿನಲ್ಲಿ ಮಾತಾಡುವ ಮೊದಲು ಇವತ್ತಿಗೂ ಬಾತ್‌ರೂಮಿನಲ್ಲಿ ಐದು ನಿಮಿಷ ನಿಂತಿರುತ್ತೇನೆ. ಆ ಕಟ್ಟು ಹಾಕಿಸಿದ ಪತ್ರ ಪಡಸಾಲೆಯಲ್ಲಿ ಇರದಿದ್ದರೆ ನಾನು ರಾಜಾರೋಷವಾಗಿ ಹೆದರಬಹುದಿತ್ತು.

“ಆಗಲೇ ಹೇಳಬೇಕಿತ್ತಪ್ಪಾ,” ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

“ನೀ ಪ್ರಬಂಧ ಬರದು ಬಹುಮಾನ ತಂದಿದ್ದೆಲ್ಲ, ಯವ್ವಾ. ಹೆಂಗ ಹೇಳ್ಲಿ?”

ಹಿಂದಿನ ಸೀಟಿನಿಂದ ಇಂಚರಾ, ನಿಜವಾಗಿಯೂ ಟಕ್ ಟಕ್ ಅನ್ನುತ್ತಿತ್ತಾ ಎಂದು ಕೇಳಿದಳು. ಈಗಲೂ ಕೇಳುತ್ತದೆ ಎಂದರು ಅಜ್ಜ. ಅವಳು, ಹಾಗಾದರೆ ಆ ಟೋಪಿ ಬಿಟ್ಟು ಓಡಿದವನಿಗೆ ಮುಂದೆ ಏನಾಯಿತು ಎಂದು ನಾವು ನೋಡಲೇಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟರಲ್ಲಿ ತಪಾಸಣೆಯ ಜಾಗ ಬಂತು. ಹಸಿರು ಸಮವಸ್ತ್ರದ ಅಧಿಕಾರಿ ಬಗ್ಗಿ ನಮ್ಮ ಮೂವರನ್ನೂ ನೋಡಿದ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಬಲಗೈ ಹಣೆಯ ಅರ್ಧ ದಾರಿಯವರೆಗೆ ಏರಿ, ಅಲ್ಲಿಂದ ಕನ್ನಡಕ ಸರಿ ಮಾಡಿಕೊಂಡು ಇಳಿಯಿತು. ಆತ ನಕ್ಕು ಹೋಗಿ ಎಂದು ಕೈ ಬೀಸಿದ.

ಅಂಗಡಿ ಎರಡನೇ ಮಹಡಿಯಲ್ಲಿತ್ತು. ಒಂದು ಗೋಡೆಯ ತುಂಬ ನಮ್ಮ ಸರಣಿ. ಇಂಚರಾ ಹನ್ನೆರಡನೇ ಸಂಪುಟ ಹಿಡಿದು ನೆಲದ ಮೇಲೆಯೇ ಕೂತಳು, ಅಪ್ಪ ಅವಳ ತಲೆಯ ಮೇಲಿಂದ ಬಗ್ಗಿ ನೋಡಿದರು. ಹನ್ನೆರಡನೇ ಸಂಪುಟ ಹಡಗುಕಟ್ಟೆಯಲ್ಲಿ ಶುರುವಾಗಿತ್ತು. ರೈಲು ನಿಲ್ದಾಣದ ಬಾಂಬು ಹುಸಿಯಾಯಿತೆಂದು ಒಬ್ಬ ಅಧಿಕಾರಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ. ಓಡಿಹೋದ ಪೊಲೀಸನ ಸುಳಿವಿಲ್ಲ. ಹದಿಮೂರರಲ್ಲಿ ಇಲ್ಲ, ಹದಿನಾಲ್ಕರಲ್ಲೂ ಇಲ್ಲ. ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡ ಅಂಗಡಿಯ ಹುಡುಗಿಯನ್ನು ಕೇಳಿದೆ. ಅವಳು ತುಸು ಯೋಚಿಸಿ, ಅವನು ಮತ್ತೆ ಬರುವುದಿಲ್ಲ, ಅವನ ಬಗ್ಗೆ ಇದುವರೆಗೆ ಯಾರೂ ಕೇಳಿರಲಿಲ್ಲ ಎಂದಳು.

ಅಪ್ಪನಿಗೆ ಇದು ಸರಿಬರಲಿಲ್ಲ. ಅವನನ್ನು ಸಸ್ಪೆಂಡ್ ಮಾಡಿದರೇ? ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ? ಟೋಪಿ ಯಾರು ಎತ್ತಿಕೊಂಡರು? ಊಟಕ್ಕೆ ಕೂತ ಕಡೆ ಜಪಾನೀ ಶಾವಿಗೆಯ ಬಟ್ಟಲು ಆರಿಹೋಯಿತು, ಅವರು ಮುಟ್ಟಲಿಲ್ಲ. ಗದಗಿನಲ್ಲಿ ಈಗ ಗಂಟೆ ಎಷ್ಟು ಎಂದು ಕೇಳಿದರು. ಮಧ್ಯರಾತ್ರಿ ದಾಟಿದೆ ಎಂದೆ. ವಾಪಸು ಬರುವ ದಾರಿಯುದ್ದಕ್ಕೂ ಅರ್ಧ ಗಂಟೆಗೊಮ್ಮೆ ಅದನ್ನೇ ಕೇಳಿದರು. ಭೂಮಿ ಇಷ್ಟು ನಿಧಾನ ತಿರುಗುತ್ತದೆಂದು ನನಗೂ ಅಂದೇ ಗೊತ್ತಾದದ್ದು.

ಸಂಜೆ ಏಳೂವರೆಗೆ, ಗದಗಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಇಮಾಮಸಾಬ ಕಾಕಾಗೆ ಫೋನ್ ಹಚ್ಚಿಕೊಟ್ಟೆ. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟೆ. ಮೊಣಕಾಲು ನೋವು, ಮಳೆ, ಇಬ್ಬರ ಪೆನ್ಶನ್ ಆಫೀಸಿನ ಹೊಸ ಗುಮಾಸ್ತ ಎಲ್ಲ ಆಯಿತು. ಅಪ್ಪ ಎದ್ದು ನಿಂತರು.

“ಇಮಾಮ, ಆ ಟ್ರಂಕಿನ ದಿನ ನಾ ಓಡಿ ಹೋದ್ನೆಲ್ಲ. ನೀ ಯಾಕ ಯಾರ ಮುಂದೂ ಹೇಳಲಿಲ್ಲ?”

ಆ ಕಡೆ ಒಂದು ಪ್ರೆಶರ್ ಕುಕ್ಕರ್ ಸೀಟಿ ಹೊಡೆಯಿತು.

“ನೀ ಓಡಿದ್ದು ನಾ ಎಲ್ಲೆ ನೋಡಿದ್ನೋ, ಬಸಪ್ಪ? ನನ್ನ ಕಣ್ಣು ಟ್ರಂಕಿನ ಮ್ಯಾಲ ಇದ್ದೂ. ನೀ ಠಾಣಾಕ್ಕ ಸುದ್ದಿ ಮುಟ್ಟಸಾಕ ಹೋದಿ ಅಂತ ಇವತ್ತಿನ ತನಕಾ ತಿಳಕೊಂಡೀನಿ.” ಕಾಕಾ ಒಮ್ಮೆ ಕೆಮ್ಮಿದರು. “ನಾನೂ ಓಡಾವನೇ ಇದ್ದೆ. ಕಾಲು ಏಳಲಿಲ್ಲ. ಜೋಮು ಹಿಡದಂಗ ಆಗಿತ್ತು. ಕೈ ಚಾಚಿದ್ದು ಮಂದೀನ್ನ ತಡ್ಯಾಕಲ್ಲ, ಬೀಳಬಾರದು ಅಂತ. ಆ ಸಾಹೇಬ ಕೊಟ್ಟ ಕಾಗದ ನೋಡಿದ್ರ ನನಗ ನಾಚಿಕಿ ಬರತೈತಿ. ಗ್ವಾಡಿಗೆ ಹಾಕೇ ಇಲ್ಲ ನಾ.”

ಅಪ್ಪ ಕುರ್ಚಿ ಎಳೆದು ಕೂತರು. ಮೊದಲು ಅವರ ಭುಜ ಅಲುಗಿತು, ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಆ ಕಡೆಯಿಂದಲೂ ನಗು ಶುರುವಾಯಿತು. ಹನ್ನೆರಡೂವರೆ ತಾಸಿನ ಅಂತರದ ಎರಡು ಊರುಗಳಲ್ಲಿ ಇಬ್ಬರು ಮುದುಕರು, ನೀ ಹೆಚ್ಚು ಹೆದರಿದ್ದಿ, ಇಲ್ಲ ನೀನೇ ಹೆಚ್ಚು ಹೆದರಿದ್ದಿ ಎಂದು ಜಗಳವಾಡುತ್ತ ನಗುತ್ತಿದ್ದರು. ನನ್ನ ಸಿಟ್ಟಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅದೂ ಹಗುರಾಯಿತು.

ಫೋನ್ ಇಟ್ಟ ಮೇಲೆ ಇಂಚರಾ ಬಹಳ ಗಂಭೀರವಾಗಿ ಕೇಳಿದಳು, “ಸೋ ಹೂ ವಾಸ್ ದ ಬ್ರೇವ್ ಒನ್?”

ಅಪ್ಪ ಯೋಚಿಸಿದರು. ಪೊಲೀಸರು ಸಾಕ್ಷಿ ಹೇಳುವಾಗ ಹೇಗೆ ಒಂದೊಂದೇ ಮಾತನ್ನು ನೋಡಿ ನೋಡಿ ಇಡುತ್ತಾರೋ ಹಾಗೆ ಹೇಳಿದರು:

“ಅದು ಗೊತ್ತಿಲ್ಲ, ತಂಗಿ. ಮರದಿನ ಎಂಟಕ್ಕ ಇಬ್ಬರೂ ಅದೇ ಬಸ್ ಸ್ಟ್ಯಾಂಡಿಗೆ ಡ್ಯೂಟಿಗೆ ಹ್ವಾದ್ವಿ. ಅವತ್ತೂ ಯಾರೋ ಒಂದು ಚೀಲಾ ಬಿಟ್ಟು ಹೋಗಿದ್ರು. ಇಬ್ಬರೂ ಕೂಡೇ ಬಿಚ್ಚಿದ್ವಿ. ಬದನಿಕಾಯಿ ಇದ್ದೂ.”